ತತ್ವಪದ ಗಾಯನ ಮತ್ತು ಮುಖ್ಯವಾಹಿನಿ

ತತ್ವಪದವು ಗುರು, ದೇಹ, ಮನಸ್ಸು, ಸಾವು, ಬಿಡುಗಡೆ ಮುಂತಾದ ವಿಷಯಗಳನ್ನು ಆಡುಮಾತಿನಲ್ಲಿ ಹೇಳುವ ಕನ್ನಡ ಹಾಡುಗಳ ಒಂದು ಪ್ರಕಾರ. ದೇವಾಲಯದ ಸೇವೆ, ಅರಮನೆಯ ಆಸ್ಥಾನ, ಸಂಗೀತ ಸಭೆ ಈ ಮೂರರ ಹೊರಗೆ ಬೆಳೆದ ಈ ಗಾಯನವನ್ನು ಕನ್ನಡ ನಾಡಿನ ಪರ್ಯಾಯ ಸಂಗೀತ ಪರಂಪರೆಗಳಲ್ಲಿ ಮುಖ್ಯವಾದುದೆಂದು ಹೇಳಬಹುದು. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಸೇರಿದ ಶಿಶುನಾಳದ ಸಂತ ಷರೀಫರ (1819–1889) ಪದಗಳು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಧ್ವನಿಸುರುಳಿ ಮತ್ತು ಚಲನಚಿತ್ರಗಳ ಮೂಲಕ, ಅನಂತರ ರಾಕ್ ಸಂಗೀತದ ಮೂಲಕ ಮುಖ್ಯವಾಹಿನಿಯನ್ನು ಸೇರಿದವು. ಆ ಸ್ಥಿತ್ಯಂತರದಲ್ಲಿ ಹಾಡಿನ ಯಾವ ಭಾಗ ಮುಂದೆ ಸಾಗಿತು, ಯಾವುದು ಊರಿನಲ್ಲೇ ಉಳಿಯಿತು ಎಂಬುದು ಈ ಲೇಖನದ ವಿಷಯ. ಇದೇ ಜಿಲ್ಲೆಯ ಬ್ಯಾಡಗಿ ಮತ್ತು ರಾಣೆಬೆನ್ನೂರು ತಾಲ್ಲೂಕುಗಳ ಹಳೆಯ ಪರಂಪರೆಗಳು ಹೋಲಿಕೆಗೆ ಒದಗುತ್ತವೆ.

'ಪರ್ಯಾಯ' ಎಂಬ ಹೆಸರು

ಪರ್ಯಾಯ ಸಂಗೀತ ಎಂಬ ಹೆಸರು ಪಾಶ್ಚಾತ್ಯ ಜಗತ್ತಿನಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದಿತು. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಸಂಸ್ಥೆಗಳು ಹೊರತಂದ, ಅಮೆರಿಕದ ಕಾಲೇಜು ರೇಡಿಯೊ ಕೇಂದ್ರಗಳು ಪ್ರಸಾರ ಮಾಡಿದ ಹಾಡುಗಳಿಗೆ ಆ ಹೆಸರಿತ್ತು. 1991ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಪರ್ಯಾಯ ಸಂಗೀತಕ್ಕೆಂದೇ ಒಂದು ವಿಭಾಗ ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ನಿರ್ವಾಣ ತಂಡದ 'ನೆವರ್‌ಮೈಂಡ್' 1992ರ ಜನವರಿಯಲ್ಲಿ ಮೈಕೆಲ್ ಜಾಕ್ಸನ್ ಅವರ 'ಡೇಂಜರಸ್' ಅನ್ನು ಹಿಂದಿಕ್ಕಿ ಅಮೆರಿಕದ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅಲ್ಲಿಂದ ಮುಂದೆ ಪರ್ಯಾಯ ಎಂಬುದು ವ್ಯವಸ್ಥೆಯ ಹೊರಗಿರುವ ಸ್ಥಿತಿಯನ್ನು ಸೂಚಿಸದೆ, ಅಂಗಡಿಯ ಕಪಾಟಿನಲ್ಲಿ ಒಂದು ಬಗೆಯ ಧ್ವನಿಗೆ ಹಚ್ಚಿದ ಚೀಟಿಯಾಯಿತು.

ಕನ್ನಡದಲ್ಲಿ ಈ ಪ್ರಶ್ನೆ ಹೊಸದೇನಲ್ಲ. ವಚನ, ದಾಸರ ಪದ, ತತ್ವಪದ ಇವೆಲ್ಲವೂ ತಮ್ಮ ಕಾಲದ ಮನ್ನಣೆ ಪಡೆದ ಸಾಹಿತ್ಯ ಮತ್ತು ಸಂಗೀತಗಳಿಗೆ ಬದಲಿಯಾಗಿ ಹುಟ್ಟಿದವು. ಮೂರೂ ಇಂದು ಪಠ್ಯಪುಸ್ತಕದಲ್ಲಿವೆ, ಸರ್ಕಾರದ ಜಯಂತಿ ಸಮಾರಂಭಗಳಲ್ಲಿವೆ.

ಷರೀಫರು

ಷರೀಫರು 1819ರ ಜುಲೈ 3ರಂದು ಶಿಶುನಾಳದಲ್ಲಿ ಜನಿಸಿದರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಕನ್ನಡ ಮುಲ್ಕಿ ಪರೀಕ್ಷೆಯನ್ನು ಮುಗಿಸಿ ಕೆಲವು ಕಾಲ ಶಾಲಾ ಶಿಕ್ಷಕರಾಗಿದ್ದರು. ಇಂದಿನ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರು ಅವರ ಗುರುಗಳು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ ಎಂಬ ಈ ಸಂಬಂಧವು ಎರಡೂ ಸಮುದಾಯಗಳಲ್ಲಿ ಅಸಮಾಧಾನಕ್ಕೆ ಕಾರಣವಾಯಿತೆಂಬ ಕಥೆಗಳು ಈ ಭಾಗದಲ್ಲಿ ಇಂದಿಗೂ ಪ್ರಚಲಿತವಾಗಿವೆ. ಷರೀಫರು 1889ರಲ್ಲಿ, ತಾವು ಹುಟ್ಟಿದ ದಿನವಾದ ಜುಲೈ 3ರಂದೇ ನಿಧನರಾದರು. ಶಿಶುನಾಳದ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ.

'ಶಿಶುನಾಳಧೀಶ' ಎಂಬುದು ಅವರ ಪದಗಳ ಅಂಕಿತ. ಭಾಷೆ ಧಾರವಾಡ ಸೀಮೆಯ ಆಡುನುಡಿ. ನಡುನಡುವೆ ಉರ್ದು, ಮರಾಠಿ ಮಾತುಗಳೂ ಸೇರುತ್ತವೆ. ಬೆಡಗಿನ ಪದಗಳ ಜೊತೆಗೆ ದೇವರ ಸ್ತುತಿಗಳು, ಕಂಡ ಊರು ಮತ್ತು ಜನರ ಮೇಲೆ ಆಶುವಾಗಿ ಕಟ್ಟಿದ ಹಾಡುಗಳು, ಮೊಹರಮ್ಮಿನ ರಿವಾಯತ ಪದಗಳು ಕೂಡ ಅವರ ರಚನೆಗಳಲ್ಲಿವೆ. ಮುಖ್ಯವಾಹಿನಿಗೆ ಬಂದವು ಬಹುಪಾಲು ಬೆಡಗಿನ ಪದಗಳು. ರಿವಾಯತ ಪದಗಳು ಹೆಚ್ಚಾಗಿ ಅಲಾವಿ ಕುಣಿತದ ಸುತ್ತಲೇ ಉಳಿದವು. ಷರೀಫರನ್ನು ಭಾವೈಕ್ಯದ ಸಂಕೇತವೆಂದು ಕೊಂಡಾಡುವ ಸಭೆಗಳಲ್ಲಿ ಅವರ ಮೊಹರಮ್ ಪದಗಳು ಕೇಳಿಬರುವುದು ಅಪರೂಪ ಎಂಬುದನ್ನು ಇಲ್ಲಿ ಗಮನಿಸಬೇಕು.

ಷರೀಫರು ಒಂಟಿ ದನಿಯಲ್ಲ. ಅವರಿಗಿಂತ ಹಿಂದಿನ ನಿಜಗುಣ ಶಿವಯೋಗಿ, ಮುಪ್ಪಿನ ಷಡಕ್ಷರಿ, ಸರ್ಪಭೂಷಣ ಶಿವಯೋಗಿಗಳು, ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪ, ಷರೀಫರ ಸಮಕಾಲೀನರಾದ ನವಲಗುಂದದ ನಾಗಲಿಂಗಸ್ವಾಮಿ ಮೊದಲಾದವರು ಇದೇ ಪರಂಪರೆಗೆ ಸೇರಿದವರು. ಆದರೆ ಇವರಲ್ಲಿ ಷರೀಫರಷ್ಟು ನಗರಪ್ರಸಿದ್ಧಿಯನ್ನು ಬೇರೆ ಯಾರೂ ಪಡೆಯಲಿಲ್ಲ.

ಭಜನಾ ಮೇಳದ ರೀತಿ

ತತ್ವಪದದ ಮೂಲ ನೆಲೆ ಭಜನಾ ಮೇಳ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ, ಶ್ರಾವಣ ಮಾಸದಲ್ಲಿ, ಮಠಗಳ ಆರಾಧನೆಗಳಲ್ಲಿ ಭಜನೆ ನಡೆಯುತ್ತದೆ. ಊರಿನಲ್ಲಿ ಸಾವಾದಾಗ ಶವದ ಮುಂದೆ ಬೆಳಗಿನವರೆಗೆ ಹಾಡುವುದೂ ರೂಢಿ. ಏಕತಾರಿ, ದಮ್ಮಡಿ, ತಾಳ, ಅನಂತರದ ಕಾಲದಲ್ಲಿ ಪೇಟಿ (ಹಾರ್ಮೋನಿಯಂ) ಮತ್ತು ತಬಲಾ ಇದರ ವಾದ್ಯಗಳು. ಮುಂದಾಳು ಒಂದು ನುಡಿಯನ್ನು ಹಾಡಿದರೆ ಉಳಿದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಹಾಡುವವರು ರೈತರು, ಕೂಲಿಕಾರರು, ನೇಕಾರರು, ಬಡಿಗರು. ಹಾಡಿಕೆ ಅವರ ಕಸುಬಲ್ಲ.

ಈ ರೀತಿಯ ಮೂರು ಲಕ್ಷಣಗಳು ಮುಂದಿನ ಚರ್ಚೆಗೆ ಮುಖ್ಯ. ಮೊದಲನೆಯದಾಗಿ, ಪದಕ್ಕೆ ನಿಶ್ಚಿತ ಧಾಟಿಯಿಲ್ಲ. ಒಂದೇ ಪದವನ್ನು ಒಂದೂರಿನವರು ಒಂದು ಮಟ್ಟಿನಲ್ಲಿಯೂ ಪಕ್ಕದೂರಿನವರು ಮತ್ತೊಂದು ಮಟ್ಟಿನಲ್ಲಿಯೂ ಹಾಡುತ್ತಾರೆ. ಪಾಠವೂ ಹಾಗೆಯೇ, ನುಡಿಗಳು ಸೇರುತ್ತವೆ, ಬಿಡುತ್ತವೆ. ಎರಡನೆಯದಾಗಿ, ಹಾಡಿನಷ್ಟೇ ಮಾತಿಗೂ ಸ್ಥಾನವಿದೆ. ಒಂದು ಪದ ಮುಗಿದ ಮೇಲೆ ಅದರ ಒಳಾರ್ಥವನ್ನು ಕೇಳುವುದು, ಹಿರಿಯರು ಬಿಡಿಸಿ ಹೇಳುವುದು, ಅದಕ್ಕೆ ಉತ್ತರವೆನ್ನುವಂತೆ ಇನ್ನೊಂದು ಪದವನ್ನು ಹಾಡುವುದು ಭಜನೆಯ ಭಾಗವೇ ಆಗಿದೆ. ಮೂರನೆಯದು, ಇಲ್ಲಿ ಕೇವಲ ಕೇಳುಗ ಎಂಬ ವರ್ಗ ಇಲ್ಲವೆನ್ನುವಷ್ಟು ಕಡಿಮೆ. ಕುಳಿತವರೆಲ್ಲರೂ ಒಂದಲ್ಲ ಒಂದು ಹೊತ್ತಿನಲ್ಲಿ ದನಿಗೂಡಿಸುತ್ತಾರೆ.

ಧ್ವನಿಸುರುಳಿ ಮತ್ತು ಚಲನಚಿತ್ರ

1950ರ ಜನವರಿ 8ರಂದು ಆರಂಭವಾದ ಆಕಾಶವಾಣಿಯ ಧಾರವಾಡ ಕೇಂದ್ರವು ಈ ಭಾಗದ ವಚನ, ದಾಸರ ಪದ ಮತ್ತು ಜನಪದ ಗೀತೆಗಳನ್ನು ಮನೆಮನೆಗೆ ತಲುಪಿಸಿತು. ನಿಜವಾದ ತಿರುವು ಕ್ಯಾಸೆಟ್ಟಿನೊಡನೆ ಬಂದಿತು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ ಮೊದಲಾದವರು ಬೆಳೆಸಿದ ಸುಗಮ ಸಂಗೀತಕ್ಕೆ 1978ರಲ್ಲಿ ಬಂದ 'ನಿತ್ಯೋತ್ಸವ' ಧ್ವನಿಸುರುಳಿಯು ದೊಡ್ಡ ಮಾರುಕಟ್ಟೆಯನ್ನು ತೆರೆಯಿತು. ಕುವೆಂಪು, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳ ಸಾಲಿಗೆ ಷರೀಫರ ಪದಗಳು ಸೇರಿದ್ದು ಇದೇ ಅಲೆಯಲ್ಲಿ.

ಇದರಲ್ಲಿ ಇಬ್ಬರ ಪಾತ್ರ ಹಿರಿದು. ಕವಿ, ವಿಮರ್ಶಕ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಷರೀಫರ ಪದಗಳನ್ನು ಸಂಪಾದಿಸಿ, ವಿವರಿಸಿ, ನಗರದ ಓದುಗರಿಗೆ ಪರಿಚಯಿಸಿದರು. ಈ ಕಾರಣದಿಂದ ಅವರಿಗೆ 'ಷರೀಫ ಭಟ್ಟ' ಎಂಬ ಅಡ್ಡಹೆಸರೇ ಬಂದಿತು. ಸಿ. ಅಶ್ವಥ್ (1939–2009) ರಾಗ ಸಂಯೋಜಿಸಿದರು, ಹಾಡಿದರು. ಏರು ಶ್ರುತಿಯ, ಗಂಟಲು ಬಿಚ್ಚಿದ ಅವರ ಹಾಡಿಕೆ ಭಾವಗೀತೆಯ ಮೆಲುದನಿಗಿಂತ ಬೇರೆಯಾಗಿದ್ದು, ಬಯಲಿನ ಹಾಡುಗಾರಿಕೆಗೆ ಹತ್ತಿರವಾಗಿತ್ತು. ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ 'ಕೋಡಗನ ಕೋಳಿ' ಪದವು ನಾಡಿನಾದ್ಯಂತ ಹರಡಿತು.

ಟಿ.ಎಸ್. ನಾಗಾಭರಣ ಅವರ ನಿರ್ದೇಶನದ 'ಸಂತ ಶಿಶುನಾಳ ಶರೀಫ' ಚಲನಚಿತ್ರ 1990ರಲ್ಲಿ ತೆರೆಕಂಡಿತು. ಶ್ರೀಧರ್ ಷರೀಫರ ಪಾತ್ರವನ್ನೂ ಗಿರೀಶ ಕಾರ್ನಾಡರು ಗೋವಿಂದಭಟ್ಟರ ಪಾತ್ರವನ್ನೂ ವಹಿಸಿದ್ದರು, ಸಂಗೀತ ಸಿ. ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯ ಕುರಿತ ಅತ್ಯುತ್ತಮ ಚಿತ್ರಕ್ಕೆ ನೀಡುವ ನರ್ಗಿಸ್ ದತ್ ಪ್ರಶಸ್ತಿ ಈ ಚಿತ್ರಕ್ಕೆ ದೊರೆಯಿತು. ಮೈಸೂರು ಭಾಗದ ಅನೇಕರಿಗೆ ಶಿಶುನಾಳ ಎಂಬ ಊರಿನ ಹೆಸರು ಪರಿಚಿತವಾದದ್ದು ಈ ಚಿತ್ರ ಮತ್ತು ಅದರ ಹಾಡುಗಳಿಂದ.

ರಾಕ್ ವೇದಿಕೆಯಲ್ಲಿ

ಎರಡನೆಯ ಅಲೆ 2008ರಲ್ಲಿ ಬಂದಿತು. ರಘು ದೀಕ್ಷಿತ್ ಅವರ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ತಂಡದ ಮೊದಲ ಆಲ್ಬಂನಲ್ಲಿ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳ ಜೊತೆಗೆ ಷರೀಫರ 'ಗುಡುಗುಡಿ' ಮತ್ತು 'ಮಾಳಿಗಿ' ಪದಗಳಿದ್ದವು. 2013ರ 'ಜಗ್ ಚಂಗಾ' ಆಲ್ಬಂನಲ್ಲಿ 'ಲೋಕದ ಕಾಳಜಿ' ಪದ ಸೇರಿತು. ಗಿಟಾರು, ಡ್ರಮ್ಸ್, ಪಿಟೀಲುಗಳೊಡನೆ ಈ ಹಾಡುಗಳು ಬ್ರಿಟನ್ನಿನ ಸಂಗೀತೋತ್ಸವಗಳವರೆಗೂ ಹೋದವು.

ಇಲ್ಲಿ ಒಂದು ವಿಚಿತ್ರವಿದೆ. ಭಾರತದ ನಗರಗಳಲ್ಲಿ ಚಲನಚಿತ್ರ ಗೀತೆಗೆ ಪರ್ಯಾಯವೆಂದು ಕರೆಸಿಕೊಂಡ ಇಂಡಿ ಸಂಗೀತವು ಷರೀಫರನ್ನು ಎತ್ತಿಕೊಂಡಾಗ, ಕರ್ನಾಟಕದಲ್ಲಿ ಷರೀಫರು ಆಗಲೇ ಸಿನಿಮಾ ಮತ್ತು ಕ್ಯಾಸೆಟ್ಟಿನ ಮೂಲಕ ಮನೆಮಾತಾಗಿದ್ದರು. ಬೆಂಗಳೂರಿನ ಕನ್ನಡಿಗ ಕೇಳುಗನಿಗೆ ಅದು ಪರಿಚಿತ ಹಾಡಿನ ಹೊಸ ವೇಷ; ಮುಂಬಯಿಯ ಅಥವಾ ಲಂಡನ್ನಿನ ಕೇಳುಗನಿಗೆ ಎಂದೂ ಕೇಳದ ದನಿ. ಯಾವುದು ಪರ್ಯಾಯ ಎಂಬುದು ಹಾಡಿನ ಗುಣವಾಗಿರದೆ, ಕೇಳುಗನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿತ್ತು.

ಬದಲಾದದ್ದು

ಮೊದಲ ಬದಲಾವಣೆ ಕಾಲದ್ದು. ರಾತ್ರಿಯಿಡೀ ಹಾಡಿ, ಮಾತಾಡಿ, ಮತ್ತೆ ಹಾಡುವ ಕ್ರಮ ಕ್ಯಾಸೆಟ್ಟಿನಲ್ಲಿ ನಾಲ್ಕೈದು ನಿಮಿಷಗಳ ಬಿಡಿ ಹಾಡಾಯಿತು. ಅರ್ಥ ಬಿಡಿಸುವ ಮಾತು ಪೂರ್ತಿ ಬಿಟ್ಟುಹೋಯಿತು.

ಅದರ ಪರಿಣಾಮವನ್ನು 'ಗುಡುಗುಡಿ' ಪದದಲ್ಲಿ ಸ್ಪಷ್ಟವಾಗಿ ಕಾಣಬಹುದು. ಗುಡುಗುಡಿ ಎಂದರೆ ಹುಕ್ಕಾ. ಭಜನೆಯಲ್ಲಿ ಅದನ್ನು ದೇಹ ಮತ್ತು ಉಸಿರಿನ ಸಾಧನೆಯ ಸಂಕೇತವೆಂದು ವಿವರಿಸಲಾಗುತ್ತದೆ. ವಿವರಣೆಯಿಲ್ಲದೆ ವೇಗದ ತಾಳಕ್ಕೆ ಹಾಡಿದಾಗ ಅದು ಸೇದುವ ಮೋಜಿನ ಹಾಡಾಗಿ ಕೇಳಿಸುವ ಸಾಧ್ಯತೆಯಿದೆ. 'ಕೋಡಗನ ಕೋಳಿ' ಪದದ ಗತಿಯೂ ಇಂಥದೇ. ಲೋಕದ ಕ್ರಮವನ್ನು ತಲೆಕೆಳಗು ಮಾಡಿ ಹೇಳುವ ಬೆಡಗಿನ ಕ್ರಮ ಅಲ್ಲಮಪ್ರಭುವಿನ ವಚನಗಳಿಂದ ಬಂದದ್ದು. ಶಾಲಾ ವಾರ್ಷಿಕೋತ್ಸವಗಳಲ್ಲಿ ಅದು ಮಕ್ಕಳ ವಿನೋದ ಗೀತೆಯಾಗಿದೆ. ಮಕ್ಕಳು ನಕ್ಕು ಹಾಡುವುದರಲ್ಲಿ ತಪ್ಪೇನೂ ಇಲ್ಲ, ಷರೀಫರ ಪದಗಳಲ್ಲಿ ಹಾಸ್ಯ ಇದ್ದೇ ಇದೆ. ಆದರೆ ಒಗಟನ್ನು ಹೇಳಿ ಉತ್ತರವನ್ನು ಯಾರೂ ಕೇಳದಿರುವುದು ಹೊಸ ಸಂಗತಿ.

ಮಾತಿನ ಅರ್ಥವೂ ಪ್ರದೇಶ ಬದಲಾದಂತೆ ಬದಲಾಗುತ್ತದೆ. ಹಳೆಯ ಮೈಸೂರು ಭಾಗದಲ್ಲಿ ಮಾಳಿಗೆ ಎಂದರೆ ಮೇಲಂತಸ್ತು. ಧಾರವಾಡ, ಹಾವೇರಿ ಸೀಮೆಯಲ್ಲಿ ಮಾಳಿಗಿ ಎಂದರೆ ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಮೇಲ್ಛಾವಣಿ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ಸರಿಪಡಿಸದಿದ್ದರೆ ಅದು ಸೋರುತ್ತದೆ. ಸೋರಿದರೆ ಕತ್ತಲೆಯಲ್ಲಿ ಹತ್ತಿ ದುರಸ್ತಿ ಮಾಡಲಾಗದು. ವಯಸ್ಸಿರುವಾಗ ಎಚ್ಚರಗೊಳ್ಳದ ಮನುಷ್ಯನ ಸ್ಥಿತಿಗೆ ಷರೀಫರು ಈ ಚಿತ್ರವನ್ನು ಬಳಸಿದ್ದರ ಬಿಗುವು, ಆ ಮನೆಗಳಲ್ಲಿ ಮಳೆಗಾಲ ಕಳೆದವರಿಗೆ ಬೇರೆ ಟಿಪ್ಪಣಿಯಿಲ್ಲದೆ ತಿಳಿಯುತ್ತದೆ.

ಧಾಟಿಯ ಬದಲಾವಣೆ ಇನ್ನೂ ದೂರಗಾಮಿಯಾದುದು. ಧ್ವನಿಮುದ್ರಣವು ಹಲವು ಮಟ್ಟುಗಳಲ್ಲಿ ಒಂದನ್ನು ಸ್ಥಿರಗೊಳಿಸುತ್ತದೆ. ಅದು ಜಾತ್ರೆಯ ಅಂಗಡಿಗಳಿಂದ, ಮುಂದೆ ಮೊಬೈಲಿನಿಂದ ಹಳ್ಳಿಗೆ ಮರಳಿದಾಗ ಕಿರಿಯ ಭಜನಾ ಮೇಳಗಳು ಅದನ್ನೇ ಮೂಲವೆಂದು ಕಲಿಯುತ್ತವೆ. ಹೀಗೆ ಷರೀಫರ ಊರಿನ ಸುತ್ತಮುತ್ತಲೇ ಬೆಂಗಳೂರಿನಲ್ಲಿ ಸಂಯೋಜನೆಗೊಂಡ ಧಾಟಿಗಳು ಕೇಳಿಬರುತ್ತವೆ. ಇದನ್ನು ನಷ್ಟವೆಂದಷ್ಟೇ ಹೇಳುವುದು ಏಕಪಕ್ಷೀಯವಾದೀತು. ಅಶ್ವಥ್ ಅವರ ಹಾಡುಗಳಿಲ್ಲದಿದ್ದರೆ ಎಷ್ಟೋ ಯುವಕರು ಭಜನೆಯ ಕಡೆಗೆ ಮುಖ ಮಾಡುತ್ತಿರಲಿಲ್ಲ.

ಬಂಗಾಳದ ಬಾವುಲ್ ಪರಂಪರೆಯ ಇತಿಹಾಸ ಇದಕ್ಕೆ ಸಮೀಪವಾಗಿದೆ. ಷರೀಫರ ನಿಧನದ ಮರುವರ್ಷ, 1890ರಲ್ಲಿ ತೀರಿಕೊಂಡ ಲಾಲನ್ ಫಕೀರರೂ ಹಿಂದೂ, ಮುಸಲ್ಮಾನ ಎಂಬ ಗುರುತುಗಳನ್ನು ಪ್ರಶ್ನಿಸಿದವರು. ಅವರ ಹಾಡುಗಳೂ ಸಂಕೇತಗಳಲ್ಲಿ ಮಾತಾಡುತ್ತವೆ. ರವೀಂದ್ರನಾಥ ಠಾಕೂರರ ಆಸಕ್ತಿಯಿಂದ ಬಾವುಲ್ ಗೀತೆಗಳು ವಿದ್ಯಾವಂತ ವರ್ಗವನ್ನು ತಲುಪಿದವು. 2005ರಲ್ಲಿ ಯುನೆಸ್ಕೊ ಬಾಂಗ್ಲಾದೇಶದ ಬಾವುಲ್ ಗೀತೆಗಳನ್ನು ಮಾನವಕುಲದ ಪರಂಪರೆಯೆಂದು ಘೋಷಿಸಿತು.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ

ಷರೀಫರಿಗಿಂತ ಸುಮಾರು 300 ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಇಂಥದೇ ಇನ್ನೊಂದು ಪಯಣ ಆರಂಭವಾಗಿತ್ತು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರು ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ತಮ್ಮ ಅಂಕಿತವಾಗಿ ಇಟ್ಟುಕೊಂಡರು. ಸಂಸ್ಕೃತಕ್ಕೆ ಪ್ರತಿಯಾಗಿ ಕನ್ನಡದಲ್ಲಿ ಹಾಡಿದ ಹರಿದಾಸರಲ್ಲಿಯೂ, ಕುರುಬ ಸಮುದಾಯದಿಂದ ಬಂದ ಕನಕದಾಸರು ಇನ್ನೂ ಹೊರಗಿನವರಾಗಿದ್ದರು; ಉಡುಪಿಯ ಕನಕನ ಕಿಂಡಿಯ ಐತಿಹ್ಯ ಹೇಳುವುದು ಅದನ್ನೇ. ಅವರ ಮುಂಡಿಗೆಗಳು ಷರೀಫರ ಬೆಡಗಿನ ಪದಗಳಿಗೆ ಪೂರ್ವಜರಂತಿವೆ.

ಅವರ ಕೀರ್ತನೆಗಳು ಇಂದು ಕರ್ನಾಟಕ ಸಂಗೀತ ಕಛೇರಿಗಳಲ್ಲಿಯೂ, ಭೀಮಸೇನ ಜೋಶಿಯವರಂಥ ಹಿಂದುಸ್ತಾನಿ ಗಾಯಕರ ದಾಸವಾಣಿಯ ಪರಂಪರೆಯಲ್ಲಿಯೂ ಗೌರವದ ಸ್ಥಾನ ಪಡೆದಿವೆ. ಆದರೆ ದಾಸರು ಹಾಡಿದ ಮೂಲ ಧಾಟಿಗಳು ಉಳಿದುಬಂದಿಲ್ಲ. ನಾವು ಕೇಳುವ ರಾಗಗಳು ಅನಂತರದ ಗಾಯಕರು ಅಳವಡಿಸಿದವು. ಷರೀಫರ ಪದಗಳ ವಿಷಯದಲ್ಲಿ ಈಗ ನಡೆಯುತ್ತಿರುವುದು ಕನಕದಾಸರ ವಿಷಯದಲ್ಲಿ ಎಂದೋ ಮುಗಿದುಹೋಗಿದೆ. (ಬ್ಯಾಡಗಿ ಪಟ್ಟಣದ ಹೆಸರು ಹೊತ್ತ ಮೆಣಸಿನಕಾಯಿಯೂ ಈಗ ಹೆಚ್ಚಾಗಿ ದೂರದ ಜಿಲ್ಲೆಗಳಲ್ಲಿ ಬೆಳೆದು ಇಲ್ಲಿನ ಮಾರುಕಟ್ಟೆಗೆ ಬರುತ್ತದೆ.)

ರಾಣೆಬೆನ್ನೂರು ತಾಲ್ಲೂಕು

ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರವು 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಂದಿಗೆ ಸೇರಿದ ಊರು. ಡಾಂಭಿಕರನ್ನು ಮುಖಕ್ಕೆ ಹೊಡೆದಂತೆ ಟೀಕಿಸಿದ ಆತನ ವಚನಗಳು ಸಂಗೀತ ವೇದಿಕೆಯಲ್ಲಿ ಬಸವಣ್ಣ, ಅಕ್ಕಮಹಾದೇವಿಯರ ವಚನಗಳಷ್ಟು ಕೇಳಿಬರುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಮೊದಲಾದ ಮಹಾಗಾಯಕರು ಬೆಳೆಸಿದ ವಚನ ಗಾಯನವು ಭಕ್ತಿ, ಆರ್ತತೆಗಳಿಗೆ ಹೆಚ್ಚು ಒಗ್ಗಿತು. ಬೈಗುಳಕ್ಕೆ ರಾಗ ಹೊಂದಿಸುವುದು ಸುಲಭವಲ್ಲ.

ಇದೇ ತಾಲ್ಲೂಕಿನ ದೇವರಗುಡ್ಡದ ಮಾಲತೇಶ ದೇವಸ್ಥಾನದ ಗೊರವರ ಪರಂಪರೆ ಬೇರೊಂದು ಮಾದರಿಯನ್ನು ತೋರಿಸುತ್ತದೆ. ಕಂಬಳಿ ಧರಿಸಿ ಡಮರುಗ ನುಡಿಸುವ ಗೊರವರ ಕುಣಿತವು ಉತ್ಸವಗಳ ಮೆರವಣಿಗೆಗಳಲ್ಲಿ ಪರಿಚಿತ ಕಲೆಯಾಗಿದೆ. ಆದರೆ ದಸರಾ ಸಂದರ್ಭದಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ವೇದಿಕೆಗೆ ಒಯ್ಯಲು ಬರುವುದಿಲ್ಲ. ಮಳೆ ಬೆಳೆಯ ಭವಿಷ್ಯ ತಿಳಿಯಲು ಕಾದಿರುವ ಜನರಿಲ್ಲದೆ ಕಾರ್ಣಿಕವಿಲ್ಲ.

ಹಕ್ಕು ಮತ್ತು ಮನ್ನಣೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷಗಳವರೆಗೆ, ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಅನಂತರ 60 ವರ್ಷಗಳವರೆಗೆ ಇರುತ್ತದೆ. ಆದ್ದರಿಂದ ಷರೀಫರ ಪದಗಳ ಸಾಹಿತ್ಯ ಎಲ್ಲರಿಗೂ ಮುಕ್ತ. ಆ ಪದಗಳಿಗೆ ಆಧುನಿಕ ಸಂಯೋಜಕರು ಹೊಸದಾಗಿ ರಚಿಸಿದ ಸಂಗೀತ ಹಾಗಲ್ಲ. 2009ರಲ್ಲಿ ನಿಧನರಾದ ಸಂಯೋಜಕರೊಬ್ಬರ ಸ್ವಂತ ರಾಗಸಂಯೋಜನೆಯ ಹಕ್ಕು 2069ರ ಕೊನೆಯವರೆಗೆ ಉಳಿಯುತ್ತದೆ. ಭಜನಾ ಮೇಳದ ಧಾಟಿಗಾದರೋ ಕರ್ತೃವೇ ಇಲ್ಲ, ಹಾಗಾಗಿ ಕಾಯ್ದೆಯ ಕಣ್ಣಿಗೆ ಒಡೆಯರೂ ಇಲ್ಲ. ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹೆಸರು ಹೇಳಬೇಕೆಂಬ ಕಟ್ಟಳೆಯಿಲ್ಲ. ಸಾಲುಗಳನ್ನು 100 ವರ್ಷ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರಿಗೆ ಈ ಲೆಕ್ಕದಲ್ಲಿ ಯಾವ ಪಾಲೂ ಇಲ್ಲ.

ಮನ್ನಣೆಯ ಹಂಚಿಕೆಯಲ್ಲಿಯೂ ಈ ಸ್ಥಿತ್ಯಂತರ ಕಾಣುತ್ತದೆ. ಕರ್ನಾಟಕ ಸರ್ಕಾರದ ಕನಕ–ಪುರಂದರ ಪ್ರಶಸ್ತಿ ಶಾಸ್ತ್ರೀಯ ಸಂಗೀತ ಕ್ಷೇತ್ರಕ್ಕೂ, ಸಂತ ಶಿಶುನಾಳ ಷರೀಫ ಪ್ರಶಸ್ತಿ ಸುಗಮ ಸಂಗೀತ ಕ್ಷೇತ್ರಕ್ಕೂ ಸಲ್ಲುತ್ತವೆ. ಜನಪದ ಕಲಾವಿದರಿಗೆ ಜಾನಪದ ಶ್ರೀ ಎಂಬ ಬೇರೆ ಪ್ರಶಸ್ತಿಯಿದೆ. ಏಕತಾರಿ ಹಿಡಿದು ಷರೀಫರ ಪದಗಳನ್ನೇ ಹಾಡುವ ಹಳ್ಳಿಯ ಹಿರಿಯರು ಷರೀಫರ ಹೆಸರಿನ ಪ್ರಶಸ್ತಿಯ ಕ್ಷೇತ್ರದೊಳಗೆ ಸುಲಭವಾಗಿ ಬರುವುದಿಲ್ಲ.

ಸಂಗ್ರಹ ಮತ್ತು ಅಧ್ಯಯನ

ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ನಾಡಿನ ಬೇರೆ ಬೇರೆ ಭಾಗಗಳ ತತ್ವಪದಗಳನ್ನು ಸಂಪುಟಗಳಾಗಿ ಪ್ರಕಟಿಸಿದೆ. ಇದರಿಂದ ಷರೀಫರ ಹೆಸರಿನ ಮರೆಯಲ್ಲಿದ್ದ ಎಷ್ಟೋ ಪದಕಾರರು ಓದುಗರಿಗೆ ದೊರೆತರು. ಮುದ್ರಿತ ಪುಸ್ತಕವೂ ಧ್ವನಿಸುರುಳಿಯಂತೆಯೇ ಹಲವು ಪಾಠಗಳಲ್ಲಿ ಒಂದನ್ನು ಆರಿಸಿ ನಿಲ್ಲಿಸುತ್ತದೆ. ಮೇಳಗಳ ಹಾಡಿಕೆಯನ್ನು ನಡುವಿನ ಮಾತುಗಳ ಸಮೇತ ಪೂರ್ತಿ ಧ್ವನಿಮುದ್ರಿಸಿ ಇಡುವ ಕೆಲಸ ಇದಕ್ಕೆ ಪೂರಕವಾಗಬಲ್ಲದು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಶಿಶುನಾಳ ಇರುವ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ.